ಕನ್ನಡಕದಮ್ಮನ ಕಾರು ನಿಲ್ಲುತ್ತಿದ್ದ ಕಾರಣ

ಮೂರನೇ ಸಲ ಕಾರು ನಿಂತಿದ್ದು ಸೇತುವೆಯ ನಟ್ಟನಡುವೆ. ಅದೂ ಪಕ್ಕದ ಸೀಟಿನಲ್ಲಿ ಅಕ್ಕ ಕೂತಿದ್ದಾಗ.

ಕನ್ನಡಕದಮ್ಮ ಅವಸರವಿಲ್ಲದೆ ಹೋಗುತ್ತಿದ್ದರು. ಸೇತುವೆಯ ಎರಡು ತುಂಡುಗಳು ಕೂಡುವಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿಯಿದೆ. ಚಕ್ರ ಅದನ್ನು ಹತ್ತಿ ಧಡಕ್ಕೆಂದು ಇಳಿಯಿತು, ಎಂಜಿನ್ ನಿಂತುಹೋಯಿತು. ಕೆಮ್ಮಲಿಲ್ಲ, ಮುಗ್ಗರಿಸಲಿಲ್ಲ, ಯಾರೋ ದೀಪ ಆರಿಸಿದ ಹಾಗೆ ಸದ್ದಡಗಿತು. ಹಿಂದಿದ್ದ ಲಾರಿ ಹಾರ್ನ್ ಬಾರಿಸಿತು. ಅದರ ಹಿಂದಿನ ಬಸ್ಸೂ ಬಾರಿಸಿತು. ಗಾಬರಿಯಲ್ಲಿ ಅವರ ಕೈ ತಾನಾಗಿ ಕೀಲಿಗೆ ಹೋಗಿ ಅದನ್ನು ಎರಡು ಮೂರು ಸಲ ಆಚೆ ಈಚೆ ತಿರುಗಿಸಿತು. ಸ್ಟಾರ್ಟರಿನ ಗುಂಡಿ ಹಿಡಿದೆಳೆದರು. ಎಂಜಿನ್ ಗೊರಗೊರ ತಿರುಗಿತೇ ಹೊರತು ಹತ್ತಿಕೊಳ್ಳಲಿಲ್ಲ.

"ಇಲ್ಲೇ ಇಳಿಯೋದಾ?" ಎಂದು ಅಕ್ಕ ಬಾಗಿಲಿಗೆ ಕೈ ಹಾಕಿದರು.

ಕನ್ನಡಕದಮ್ಮ ಅವರ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಪಕ್ಕದಲ್ಲಿ ಮೋಟರುಬೈಕುಗಳು ಸುಯ್ಯೆಂದು ಹಾಯುತ್ತಿದ್ದವು. "ಇನ್ನೂ ಬಂದಿಲ್ಲ ಅಕ್ಕ. ಒಂದು ನಿಮಿಷ ಕೂತ್ಕೋ."

ಲಾರಿಯ ಡ್ರೈವರ್ ಇಳಿದು ಬಂದ. ಬೈಯಲು ಬಂದವನು ಎರಡು ಬಿಳಿ ತಲೆಗಳನ್ನು ನೋಡಿ ಮೆತ್ತಗಾದ. "ನೀವು ಇಳೀರಮ್ಮ, ನಾನು ಚಕ್ರ ಹಿಡೀತೀನಿ. ಬಸ್ಸಿನೋರು ತಳ್ತಾರೆ," ಎಂದ. ಅವನು ಭಾರಿ ಆಳು. ಹೊಟ್ಟೆ ಚಕ್ರಕ್ಕೆ ಒತ್ತದಂತೆ ಸೀಟು ಸರಿಮಾಡಿಕೊಂಡು ಕೂತ. ನಾಲ್ಕು ಜನ ಸೇರಿ ಕಾರನ್ನು ಸೇತುವೆಯ ಆ ತುದಿಗೆ ತಳ್ಳಿ ಬದಿಗೆ ನಿಲ್ಲಿಸಿದರು. ಡ್ರೈವರ್ ಇಳಿಯುವ ಮುಂಚೆ, ನೋಡೋಣ ಅಂತ ಸ್ಟಾರ್ಟರ್ ಎಳೆದ. ಒಂದೇ ಎಳೆತಕ್ಕೆ ಎಂಜಿನ್ ಹತ್ತಿಕೊಂಡು ಹಾಯಾಗಿ ಗುನುಗತೊಡಗಿತು.

"ಏನೂ ಆಗಿಲ್ಲವಲ್ಲಮ್ಮ," ಎಂದ ಅವನು. "ಕೈ ತಪ್ಪಿ ಆಫ್ ಮಾಡಿಬಿಟ್ರೇನೋ."

ಅವನು ಕುಹಕದಿಂದ ಹೇಳಿದ್ದಲ್ಲ. ಆದರೂ ಆ ಮಾತು ಕನ್ನಡಕದಮ್ಮನ ಎದೆಗೆ ನಾಟಿತು. ಯಾಕೆಂದರೆ ಕೀಲಿ ಮೊದಲು ಆನ್ ಇತ್ತೋ ಆಫ್ ಇತ್ತೋ, ತಾವೇ ಆಚೆ ಈಚೆ ತಿರುಗಿಸಿದ ಮೇಲೆ ಅವರಿಗೂ ಗೊತ್ತಿರಲಿಲ್ಲ.

ಅವರಿಗೆ ಎಪ್ಪತ್ತೊಂದು ವರ್ಷ. ಹೆಸರು ಬೇರೆ ಇತ್ತು, ಆದರೆ ಅದು ಬರೀ ಕಾಗದಪತ್ರಗಳ ಮೇಲೆ. ನಲವತ್ತು ವರ್ಷ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೂಡಿಸಿಕೊಟ್ಟು ಎಲ್ಲರ ಬಾಯಲ್ಲೂ ಕನ್ನಡಕದಮ್ಮ ಆಗಿಬಿಟ್ಟಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ಗಾಜು ಉಜ್ಜುವ ಚಕ್ರ, ಎದುರಿನ ಗೋಡೆಯ ಮೇಲೆ ದೊಡ್ಡಕ್ಷರದಿಂದ ಸಣ್ಣಕ್ಷರಕ್ಕೆ ಇಳಿಯುವ ಪಟ. ನಡೆಯಲಾರದವರ ಮನೆಗಳಿಗೆ ಪರೀಕ್ಷೆಯ ಗಾಜುಗಳ ಪೆಟ್ಟಿಗೆ ಹೊತ್ತು ತಾವೇ ಹೋಗುತ್ತಿದ್ದರು. ಅದಕ್ಕೇ ಕಾರು.

ಕಾರು ಅವರ ಮಗನಿಗಿಂತ ಹಿರಿಯದು. ಕೆನೆ ಬಣ್ಣ, ಗುಂಡಗಿನ ಭುಜ, ಉಬ್ಬಿದ ಕಣ್ಣುಗಳಂಥ ಎರಡು ದೀಪ. ಅದನ್ನು ಹೊಸದರಲ್ಲೇ ಕೊಂಡವರು ಒಬ್ಬ ವೈದ್ಯರು. ಅವರ ದೃಷ್ಟಿ ಮಂದವಾಗುತ್ತ ಬಂದಾಗ ಕನ್ನಡಕದಮ್ಮನ ಹತ್ತಿರ ಬಂದು, ಪೆಟ್ಟಿಗೆಯಲ್ಲಿದ್ದ ಗಾಜುಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿ, ಯಾವುದರಿಂದಲೂ ಆಗದು ಅಂತ ಖಚಿತವಾದ ಮೇಲೆ, "ಹಾಗಾದರೆ ನನ್ನ ಕಾರನ್ನು ನೀವೇ ತಗೊಳ್ಳಿ, ನೋಡಿ ಓಡಿಸೋರ ಕೈಯಲ್ಲಿರಲಿ," ಎಂದಿದ್ದರು. ಅದಾಗಿ ಮೂವತ್ತೆರಡು ವರ್ಷ.

ಈಗ ಮನೆಮನೆಗೆ ಹೋಗುವುದು ಕಡಿಮೆ. ಆದರೆ ಪ್ರತಿ ಗುರುವಾರ ಹೊಳೆಯಾಚೆ ಅಕ್ಕನ ಮಗಳ ಮನೆಗೆ ಹೋಗಿ, ಅಲ್ಲಿರುವ ಅಕ್ಕನನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿಸುತ್ತಿದ್ದರು. ಅಕ್ಕನಿಗೆ ನೆನಪು ಹೋಗಿ ನಾಲ್ಕು ವರ್ಷ. ಮನೆಯಲ್ಲಿ ಕೂತರೆ ಅವರ ಬೆರಳುಗಳು ಬಟ್ಟೆಯ ಅಂಚನ್ನು ಎಳೆಯೆಳೆಯಾಗಿ ಕೀಳುತ್ತಿರುತ್ತವೆ. ಕಾರಿನಲ್ಲಿ ಮಾತ್ರ ಕೈಗಳು ಮಡಿಲಲ್ಲಿ ತಣ್ಣಗೆ ಮಲಗಿರುತ್ತವೆ.

ಆ ಸಂಜೆ ಅಕ್ಕನನ್ನು ಮನೆಗೆ ಬಿಟ್ಟು ಕನ್ನಡಕದಮ್ಮ ಕಾರನ್ನು ನೇರವಾಗಿ ಏಣಿಯ ಶೆಡ್ಡಿಗೆ ಒಯ್ದರು.

ಏಣಿ ಅಂದರೆ ಮೆಕ್ಯಾನಿಕ್. ಆರಡಿಯ ಮೇಲೆ ಇನ್ನೂ ನಾಲ್ಕು ಬೆರಳು ಎತ್ತರ, ಅಗಲ ಮಾತ್ರ ಇಲ್ಲವೇ ಇಲ್ಲ. ಮರದ ಅಡ್ಡೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಬ್ಬನೇ ಕೆಲಸ ಮಾಡುವವನು. ಅರವತ್ತು ಹತ್ತಿರ ಬಂದಿದ್ದರೂ ಕೆಲಸದಲ್ಲಿ ಅವಸರ ಅಂದರೇನು ಅಂತ ಅವನಿಗೆ ಗೊತ್ತಿರಲಿಲ್ಲ. ಮೊದಲ ಸಲ ಕಾರು ನಿಂತಾಗ ಪಾಯಿಂಟು ಉಜ್ಜಿ ಕಂಡೆನ್ಸರ್ ಬದಲಾಯಿಸಿದ್ದ. ಎರಡನೇ ಸಲ ಕಿಡಿ ಹುಟ್ಟಿಸುವ ಕಾಯಿಲ್ ಬದಲಾಯಿಸಿದ್ದ. ಎರಡು ಸಲವೂ "ಇನ್ನು ನಿಲ್ಲಲ್ಲ" ಎಂದಿದ್ದ. ಮೂರನೇ ಸಲ ಹಾಗನ್ನಲಿಲ್ಲ. ಬಾನೆಟ್ ಎತ್ತಿ ಸುಮ್ಮನೆ ಒಂದಷ್ಟು ಹೊತ್ತು ನೋಡುತ್ತ ನಿಂತ.

"ಎಂಜಿನ್ ಸಾಯೋದಕ್ಕೆ ಎರಡೇ ದಾರಿ, ಅಮ್ಮ. ಹೊಟ್ಟೆಗಿಲ್ಲದೆ ಸಾಯ್ಬೇಕು, ಇಲ್ಲಾ ಕಿಡಿ ಇಲ್ಲದೆ ಸಾಯ್ಬೇಕು. ಪೆಟ್ರೋಲ್ ಸಿಗದಿದ್ರೆ ಒದ್ದಾಡಿ ಒದ್ದಾಡಿ ಸಾಯುತ್ತೆ. ಕಿಡಿ ಹೋದ್ರೆ ಪಟ್ಟಂತ."

"ಇದು ಪಟ್ಟಂತ."

"ಹಾಗಾದ್ರೆ ಕರೆಂಟೇ."

ಶೆಡ್ಡಿನ ಹಲಗೆಬಾಗಿಲ ಮೇಲೆ ಅವನು ಸೀಮೆಸುಣ್ಣದಲ್ಲಿ ಅನುಮಾನಗಳನ್ನೆಲ್ಲ ಬರೆದ. ಕೀಲಿಯ ಸ್ವಿಚ್ಚು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗಿನ ಸಣ್ಣ ತಂತಿ. ಬ್ಯಾಟರಿಯ ತಲೆ. ಕಾರಿನ ಮೈಗೆ ಅರ್ತ್ ಕೊಡುವ ತಂತಿ. ಪೆಟ್ರೋಲಿನದೂ ಒಂದಿರಲಿ ಅಂತ ಟ್ಯಾಂಕಿನ ಮುಚ್ಚಳವನ್ನೂ ಸೇರಿಸಿದ. ಒಂದು ವಾರ ಒಂದೊಂದನ್ನೇ ಬಿಚ್ಚಿ, ಒರೆಸಿ, ಅಳ್ಳಾಡಿಸಿ ನೋಡಿ, ಗೀಟು ಹಾಕಿದ. ಗೀಟು ಹಾಕಿದ ಮೇಲೆಲ್ಲ ಕಾರು ಹತ್ತಿಸಿಕೊಂಡು ಹೊರಟು, ಸೇತುವೆಯ ಮೇಲೆ ಹೋಗಿಬಂದ. ಬೇಕೆಂದೇ ಕಬ್ಬಿಣದ ಪಟ್ಟಿಯ ಮೇಲೆ ಜೋರಾಗಿ ಹಾಯಿಸಿದ. ಕಾರು ಒಮ್ಮೆಯೂ ನಿಲ್ಲಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಓಡಿತು.

ವಾರದ ಕೊನೆಗೆ ಬಾಗಿಲ ಮೇಲೆ ಗೀಟಿಲ್ಲದ ಸಾಲು ಒಂದೂ ಉಳಿಯಲಿಲ್ಲ.

ಇತ್ತ ಮನೆಯಲ್ಲಿ ಮಗ ಮೂರು ದಿನ ಸುಮ್ಮನಿದ್ದು ನಾಲ್ಕನೇ ದಿನ ಅಂಗಡಿಯ ಕೋಣೆಗೆ ಬಂದು ಗಿರಾಕಿಗಳ ಕುರ್ಚಿಯಲ್ಲಿ ಕೂತ. ನೀರು ಸರಬರಾಜು ಕಚೇರಿಯಲ್ಲಿ ಕೊಳವೆಗಳ ನಕ್ಷೆ ಬರೆಯುವ ಕೆಲಸ ಅವನದು. ಮಾತನಾಡುವ ಮುಂಚೆ ಮನಸ್ಸಿನಲ್ಲೇ ಗೆರೆ ಹಾಕಿಕೊಳ್ಳುವ ಸ್ವಭಾವ.

"ಅಮ್ಮ, ಬೇಜಾರು ಮಾಡ್ಕೋಬೇಡ. ಆ ಕಾರು ಏಣಿ ಓಡಿಸಿದ್ರೆ ನಿಲ್ಲಲ್ಲ. ಲಾರಿಯವನು ಕೂತ್ರೆ ನಿಲ್ಲಲ್ಲ. ಹೋದ ತಿಂಗಳು ನಾನು ಪೆಟ್ರೋಲ್ ಹಾಕಿಸೋಕೆ ತಗೊಂಡು ಹೋದಾಗ್ಲೂ ನಿಲ್ಲಲಿಲ್ಲ."

"ನಾನು ಓಡಿಸಿದ್ರೆ ಮಾತ್ರ ನಿಲ್ಲುತ್ತೆ ಅಂತ."

"ಕೀಲಿ ನಿನ್ನ ಕೈಯಿಂದಲೇ ಆಫ್ ಆಗಿರಬಹುದಾ?"

ಕನ್ನಡಕದಮ್ಮ ಕೈಯಲ್ಲಿದ್ದ ಫ್ರೇಮನ್ನು ಕೆಳಗಿಟ್ಟರು. "ನಾನೇ ಆರಿಸಿದ್ರೆ ನನಗೆ ಗೊತ್ತಾಗಲ್ವೇನೋ?"

"ದೊಡ್ಡಮ್ಮನಿಗೂ ಗೊತ್ತಾಗ್ತಿರಲಿಲ್ಲವಲ್ಲಮ್ಮ."

ಅಕ್ಕನ ಮರೆವು ಶುರುವಾಗಿದ್ದು ಹಾಗೆಯೇ. ಒಂದು ದಿನ ಬೇಯುತ್ತಿದ್ದ ಪಾತ್ರೆಯ ಕೆಳಗಿನ ಒಲೆ ಆರಿಸಿ ಬಂದು, ಅರ್ಧ ಗಂಟೆಯ ಮೇಲೆ ಒಳಗೆ ಹೋಗಿ, "ಒಲೆ ಆರಿಸಿದೋರು ಯಾರು" ಅಂತ ಮನೆಯವರನ್ನೆಲ್ಲ ತರಾಟೆಗೆ ತೆಗೆದುಕೊಂಡಿದ್ದರು. ಆವತ್ತು ಎಲ್ಲರೂ ನಕ್ಕಿದ್ದರು.

"ಮರೆವು ನೋಡೋ ಡಾಕ್ಟರ ಹತ್ತಿರ ಮುಂದಿನ ಸೋಮವಾರಕ್ಕೆ ಹೇಳಿಟ್ಟಿದ್ದೀನಿ," ಎಂದ ಮಗ. "ಬರೀ ಪರೀಕ್ಷೆ. ಅಲ್ಲೀವರೆಗೂ ಓಡಿಸೋದು ಬೇಡ."

ಅವರು ಜಗಳ ಮಾಡದೆ ಮಾತು ಕೊಟ್ಟರು. ಜಗಳ ಮಾಡಿದ್ದರೆ ಮಗನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮುಂದಿನ ದಿನಗಳಲ್ಲಿ ಕನ್ನಡಕದಮ್ಮ ಯಾರಿಗೂ ಕಾಣದಂತೆ ತಮ್ಮನ್ನೇ ಪರೀಕ್ಷೆ ಮಾಡಿಕೊಳ್ಳತೊಡಗಿದರು. ಪೆಟ್ಟಿಗೆಯ ಗಾಜುಗಳ ನಂಬರನ್ನು ಹಿಂದುಮುಂದಾಗಿ ಹೇಳಿಕೊಂಡರು. ಕತ್ತರಿಯನ್ನು ಬೇಕೆಂದೇ ಒಂದು ಕಡೆ ಬಚ್ಚಿಟ್ಟು, ಸಂಜೆ ನೆನಪಿದೆಯೇ ಅಂತ ನೋಡಿಕೊಂಡರು. ನೆನಪಿತ್ತು. ಆದರೆ ಒಂದು ಮಧ್ಯಾಹ್ನ ಕನ್ನಡಕಕ್ಕಾಗಿ ಮನೆಯೆಲ್ಲ ಹುಡುಕಿದಾಗ ಅದು ತಲೆಯ ಮೇಲೇ ಇತ್ತು. ಹಿಂದೆಲ್ಲ ಹಾಗಾದರೆ ತಾವೇ ನಗುತ್ತಿದ್ದರು. ಕನ್ನಡಕ ಮಾಡುವವಳೇ ಕನ್ನಡಕ ಕಳಕೊಂಡಳು ಅಂತ ಗಿರಾಕಿಗಳಿಗೆ ಹೇಳಿಕೊಂಡು ನಗಿಸುತ್ತಿದ್ದರು. ಆವತ್ತು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಶನಿವಾರ ಬೆಳಿಗ್ಗೆ ನಡೆದುಕೊಂಡೇ ಏಣಿಯ ಶೆಡ್ಡಿಗೆ ಹೋದರು.

"ಹುಡುಕೋದು ಸಾಕು," ಎಂದರು. "ಬಾಗಿಲ ಮೇಲೆ ಇನ್ನೊಂದು ಸಾಲು ಬರಿ. ಮುದುಕಿ ಅಂತ. ಅದಕ್ಕೆ ಗೀಟು ಹಾಕ್ಬೇಡ."

ಏಣಿ ಕೈಯಲ್ಲಿದ್ದ ಬಟ್ಟೆಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. ಎಲ್ಲವನ್ನೂ ಕೇಳಿಸಿಕೊಂಡ. ಮಗ ಹೇಳಿದ್ದು, ಲಾರಿಯವನು ಹೇಳಿದ್ದು, ಅಕ್ಕನ ಒಲೆಯ ಕಥೆ.

"ನನಗೊಂದು ಬುದ್ಧಿ ಬರಲಿಲ್ಲ ನೋಡಿ," ಎಂದ ಕೊನೆಗೆ. "ರೋಗ ಬರೋದು ನಿಮ್ಮ ಕೈಯಲ್ಲಿದ್ದಾಗ. ನಾನು ಒಂದು ವಾರದಿಂದ ನನ್ನ ಕೈಯಲ್ಲಿ ನೋಡ್ತಿದ್ದೀನಿ. ನೀವು ಓಡಿಸಿ, ನಾನು ಪಕ್ಕ ಕೂರ್ತೀನಿ."

"ಓಡಿಸಲ್ಲ ಅಂತ ಮಗನಿಗೆ ಮಾತು ಕೊಟ್ಟಿದ್ದೀನಿ."

"ಒಬ್ಬರೇ ಓಡಿಸಲ್ಲ ಅಂತ ಅಲ್ವಾ ಅದರ ಅರ್ಥ? ನಾನಿರ್ತೀನಲ್ಲ."

ಅದರ ಅರ್ಥ ಹಾಗಿರಲಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಆದರೂ ಕನ್ನಡಕದಮ್ಮ ಕೀಲಿಗೆ ಕೈ ಚಾಚಿದರು. ಒಂದು ಕಡೆ ಹೆದರಿಕೆ, ಇನ್ನೊಂದು ಕಡೆ, ಆಗುವುದು ಇನ್ನೊಬ್ಬರ ಕಣ್ಣೆದುರೇ ಆಗಿಬಿಡಲಿ ಎಂಬ ಹಟ.

"ಗುರುವಾರ ಹೇಗೆ ಹೋಗ್ತೀರೋ ಹಾಗೇ ಎಲ್ಲ ಮಾಡಿ," ಎಂದ ಏಣಿ. "ಒಂದು ಚೂರೂ ಬದಲಾಯಿಸ್ಬೇಡಿ. ಒಂದು ವೇಳೆ ನಿಂತ್ರೆ ಏನನ್ನೂ ಮುಟ್ಬೇಡಿ. ಕೀಲಿನೂ ಮುಟ್ಬೇಡಿ."

ಅವರು ಕೈಚೀಲವನ್ನು ಹಿಂದಿನ ಸೀಟಿಗೆ ಹಾಕಿ, ಕಾಲಿಗೆ ಪೆಡಲು ಸಿಗುವಷ್ಟು ಸೀಟನ್ನು ಮುಂದಕ್ಕೆ ಎಳೆದುಕೊಂಡು, ಕನ್ನಡಿ ಸರಿಮಾಡಿ, ಹೊರಟರು. ಪಕ್ಕದಲ್ಲಿ ಏಣಿ ಮೊಣಕಾಲುಗಳನ್ನು ಗಲ್ಲದ ಹತ್ತಿರಕ್ಕೆ ಮಡಿಸಿಕೊಂಡು, ರಸ್ತೆಯ ಕಡೆ ನೋಡದೆ ಅವರ ಕೈಗಳನ್ನೇ ನೋಡುತ್ತ ಕೂತ.

ಪೇಟೆ ದಾಟಿತು. ಇಟ್ಟಿಗೆಗೂಡುಗಳ ಸಾಲು ದಾಟಿತು. ಸೇತುವೆ ಬಂತು. ಕಬ್ಬಿಣದ ಪಟ್ಟಿ ಬಂದಾಗ ಕನ್ನಡಕದಮ್ಮ ಉಸಿರು ಬಿಗಿಹಿಡಿದರು. ಧಡಕ್ಕೆಂದಿತು, ಇಳಿಯಿತು, ಎಂಜಿನ್ ಓಡುತ್ತಲೇ ಇತ್ತು. ಅವರಿಗೆ ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ. ನೋಡುವವರು ಪಕ್ಕದಲ್ಲಿದ್ದರೆ ಸರಿಯಾಗಿರುತ್ತೇನೆ, ಒಬ್ಬಳೇ ಇದ್ದಾಗ ಕೈ ತಪ್ಪುತ್ತದೆ ಅಂತಲೇ ಅಲ್ಲವೇ ಇದರ ಅರ್ಥ ಅನ್ನಿಸಿತು.

ಸೇತುವೆಯಾಚೆ ರೈಲ್ವೆ ಗೇಟಿನ ಹತ್ತಿರ ರಸ್ತೆ ತಗ್ಗಿಗಿಳಿದು ಮತ್ತೆ ಏರುತ್ತದೆ. ಮುಂದಿನ ಚಕ್ರ ಹಳಿ ಹತ್ತುವುದಕ್ಕಿಂತ ನೂರು ಮಾರು ಮುಂಚೆ ಒಂದು ಗುಂಡಿಯಲ್ಲಿ ಕುಕ್ಕಿತು.

ಸದ್ದಡಗಿತು.

ಕಾರು ತನ್ನಷ್ಟಕ್ಕೆ ಉರುಳಿ, ರಸ್ತೆಯ ಬದಿಗೆ ಬಂದು ನಿಂತಿತು. ಕನ್ನಡಕದಮ್ಮ ಕಲ್ಲಿನಂತೆ ಕೂತಿದ್ದರು.

"ಹಾಗೇ ಇರಿ," ಎಂದ ಏಣಿ. ಬಗ್ಗಿ ಕೀಲಿ ನೋಡಿದ. "ಕೀಲಿ ಆನ್ ಇದೆ. ನಿಮ್ಮ ಎರಡು ಕೈಯೂ ಚಕ್ರದ ಮೇಲಿತ್ತು. ಈಗಲೂ ಅಲ್ಲೇ ಇದೆ."

"ನೀನು ನೋಡಿದ್ಯಾ?"

"ಶೆಡ್ಡು ಬಿಟ್ಟಾಗಿಂದ ಅದನ್ನೇ ನೋಡ್ತಿದ್ದೀನಿ. ಕತ್ತು ಹಿಡ್ಕೊಂಡಿದೆ."

"ಸರಿಯಾಗಿ ನೋಡಿದ್ಯಾ? ಕೈ ಒಂದು ಸಲವೂ ಇಳೀಲಿಲ್ವಾ?"

"ಕೊನೇ ಸಲ ಇಳಿದಿದ್ದು ಗೇರಿಗೆ. ಅದು ಇಟ್ಟಿಗೆಗೂಡಿನ ಹತ್ರ. ಆಮೇಲೆ ಇಲ್ಲ. ಅಮ್ಮ, ಇದನ್ನ ನೀವು ಆರಿಸಿಲ್ಲ."

"ಇನ್ನೊಂದು ಸಲ ಹೇಳು."

"ನೀವು ಆರಿಸಿಲ್ಲ."

ಅವರು ಚಕ್ರದ ಮೇಲಿದ್ದ ಕೈಗಳ ಮೇಲೆ ಹಣೆಯಿಟ್ಟುಕೊಂಡರು. ಭುಜಗಳು ಅಲುಗಾಡಿದವು. ಏಣಿ ಕಿಟಕಿಯ ಆಚೆ ನೋಡುತ್ತ ಕೂತ. ಕಾರು ಇನ್ನೂ ರಸ್ತೆಬದಿಯಲ್ಲೇ ಸತ್ತು ನಿಂತಿತ್ತು, ರೋಗವೇನು ಅಂತ ಇನ್ನೂ ಗೊತ್ತಿರಲಿಲ್ಲ. ಆದರೂ ಕನ್ನಡಕದಮ್ಮನಿಗೆ ಹೋದ ಜೀವ ಬಂದಂತಾಗಿತ್ತು. ಹತ್ತು ದಿನದಿಂದ ಎದೆಯ ಮೇಲೆ ಕೂತಿದ್ದ ಬಂಡೆ ಎದ್ದು ಹೋಗಿತ್ತು. ತಲೆಯೆತ್ತಿದಾಗ ಕನ್ನಡಕ ಮಂಜಾಗಿತ್ತು. ತೆಗೆದು ಒರೆಸಿಕೊಂಡರು.

"ಸರಿ. ಈಗ ಅದರ ರೋಗ ನೋಡು," ಎಂದರು. ಅವರ ಧ್ವನಿ ಮತ್ತೆ ಅಂಗಡಿಯ ಧ್ವನಿಯಾಗಿತ್ತು.

ಏಣಿಯ ಹತ್ತಿರ ಎರಡು ತಂತಿ ಬೆಸೆದ ಒಂದು ಪುಟ್ಟ ಬಲ್ಬು ಇತ್ತು. ಕರೆಂಟು ಇದ್ದಲ್ಲಿ ಅದು ಹತ್ತುತ್ತದೆ, ಇಲ್ಲದ ಕಡೆ ಇಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಕೀಲಿಯ ಹಿಂಭಾಗಕ್ಕೆ ಮುಟ್ಟಿಸಿದ, ಹತ್ತಿತು. ಬಾನೆಟ್ ತೆಗೆದು ಕಾಯಿಲಿಗೆ ಸಿಕ್ಕಿಸಿದ, ಹತ್ತಲಿಲ್ಲ.

"ಇಲ್ಲಿಂದ ಹೊರಡುತ್ತೆ, ಅಲ್ಲಿಗೆ ಮುಟ್ಟಲ್ಲ. ಮಧ್ಯೆ ಎಲ್ಲೋ ಕಳೆದುಹೋಗ್ತಿದೆ," ಎಂದ. "ನೀವು ಇಳಿದು ಇಲ್ಲಿ ನಿಂತು ಬಲ್ಬು ನೋಡ್ತಿರಿ. ನಾನು ಒಳಗೆ ಮಲಗಿ ತಂತಿ ಎಳೆದು ನೋಡ್ತೀನಿ."

ಕನ್ನಡಕದಮ್ಮ ಬಾನೆಟ್ಟಿನ ಮುಂದೆ ನಿಂತರು. ಬಲ್ಬು ಕತ್ತಲಾಗಿತ್ತು. ಏಣಿ ಡ್ರೈವರ್ ಬಾಗಿಲು ತೆಗೆದು, ತನ್ನ ಉದ್ದದ ಮೈ ಅಲ್ಲಿ ಹಿಡಿಸದೆಂದು ಅಭ್ಯಾಸಬಲದಿಂದ ಸೀಟನ್ನು ಹಿಂದಕ್ಕೆ ತಳ್ಳಿದ.

"ಹತ್ತಿತು," ಎಂದರು ಕನ್ನಡಕದಮ್ಮ. "ಏನು ಮುಟ್ಟಿದೆ?"

"ಏನೂ ಮುಟ್ಟಿಲ್ಲ."

"ಏನೋ ಮಾಡಿದೆ. ಈಗ ಹತ್ತಿದೆ."

"ಸೀಟು ತಳ್ಳಿದೆ, ಅಷ್ಟೆ."

"ಮುಂದಕ್ಕೆ ಎಳಿ."

ಎಳೆದ. ಬಲ್ಬು ಹತ್ತಿಯೇ ಇತ್ತು. ಕನ್ನಡಕದಮ್ಮ ಯೋಚಿಸಿದರು. ಕಣ್ಣು ಪರೀಕ್ಷೆಯ ಕೆಲಸದಲ್ಲಿ ಅವರು ಕಲಿತಿದ್ದು ಒಂದೇ: ಒಂದು ಸಲಕ್ಕೆ ಒಂದೇ ಗಾಜು ಬದಲಾಯಿಸಬೇಕು. "ಪೂರ್ತಿ ಮುಂದಕ್ಕೆ, ನಾನು ಕೂರೋ ಹಾಗೆ. ಈಗ ಅದರ ಮೇಲೆ ಕೈಯೂರಿ ಕುಕ್ಕು. ಗುಂಡಿಗೆ ಬಿದ್ದ ಹಾಗೆ."

ಏಣಿ ಎರಡೂ ಕೈ ಊರಿ ಮೈಭಾರ ಬಿಟ್ಟ. ಒಂದು ಸಲ, ಎರಡು ಸಲ, ಮೂರನೇ ಸಲಕ್ಕೆ ಸೀಟಿನ ಕೆಳಗೆಲ್ಲೋ 'ಟಕ್' ಎಂದಿತು.

"ಆರಿತು," ಎಂದರು.

ಏಣಿ ಸೀಟು ಹಿಂದಕ್ಕೆ ತಳ್ಳಿದ. 'ಟಕ್.' ಬಲ್ಬು ಹತ್ತಿತು.

ಒಂದು ಕ್ಷಣ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಏಣಿ ಸೀಟನ್ನೇ ಬಿಚ್ಚಿ ರಸ್ತೆಬದಿಯ ಹುಲ್ಲಿನ ಮೇಲಿಟ್ಟು, ಕೆಳಗಿನ ರಬ್ಬರ್ ಚಾಪೆಯ ಅಂಚನ್ನು ಸುತ್ತಿದ. ನೆಲದ ತಗಡಿನ ಮೇಲೆ, ಸೀಟಿನ ಮುಂದುಗಡೆಯ ಬುಡದಲ್ಲಿ, ಬೆರಳುದ್ದದ ಒಂದು ಕರಿಯ ಸ್ವಿಚ್ಚು ಇತ್ತು. ಅದಕ್ಕೆ ಎರಡು ತಂತಿಗಳು ಚಾಪೆಯಡಿಯಿಂದ ಬಂದು ಸೇರಿದ್ದವು.

ಈಗ ಎಲ್ಲ ಬಿಡಿಸಿಕೊಂಡಿತು. ಆರು ತಿಂಗಳ ಹಿಂದೆ ಸೀಟಿಗೆ ಹೊಸ ಮೆತ್ತೆ ಹಾಕಿಸಿದ್ದರು. ಮೆತ್ತೆಯವನು ಹಳೆಯ ಸ್ಪ್ರಿಂಗು ತೆಗೆದು ಹೊಸದನ್ನು ಕಟ್ಟುವಾಗ ಕೆಳಗೆ ಒಂದು ಕೊಕ್ಕೆ ಬಿಟ್ಟಿದ್ದ. ಸೀಟು ಪೂರ್ತಿ ಮುಂದಿದ್ದಾಗ ಆ ಕೊಕ್ಕೆ ಸರಿಯಾಗಿ ಸ್ವಿಚ್ಚಿನ ನೆತ್ತಿಯ ಮೇಲೆ ಬರುತ್ತಿತ್ತು. ಕಾರು ಕುಕ್ಕಿದಾಗ, ಅದೂ ಯಾವಾಗಲಾದರೊಮ್ಮೆ, ಅದು ಸ್ವಿಚ್ಚನ್ನು ಒತ್ತಿ ಆಫ್ ಮಾಡುತ್ತಿತ್ತು. ಯಾರಾದರೂ ದೊಡ್ಡ ಆಳು ಬಂದು ಸೀಟು ಹಿಂದಕ್ಕೆ ಜರುಗಿಸಿದರೆ ಅದೇ ಕೊಕ್ಕೆ ಎಳೆದು ಆನ್ ಮಾಡುತ್ತಿತ್ತು. ಲಾರಿಯವನು ಹಿಂದೆ ತಳ್ಳಿದ್ದ, ಮಗ ಹಿಂದೆ ತಳ್ಳಿದ್ದ. ಏಣಿಯಂತೂ ಹಿಂದೆ ತಳ್ಳದೆ ಒಳಗೇ ಹೋಗಲಾರ.

"ಇಲ್ಲಿ ಸ್ವಿಚ್ಚು ಯಾಕಪ್ಪಾ ಇದೆ?" ಎಂದರು ಕನ್ನಡಕದಮ್ಮ.

ಏಣಿ ತಂತಿಗಳ ಮೇಲೆ ಸುತ್ತಿದ್ದ ಕಪ್ಪು ಬಟ್ಟೆಪಟ್ಟಿಯನ್ನು ನೋಡುತ್ತಿದ್ದ. ಪಟ್ಟಿಯ ತುದಿ ಬಿಚ್ಚಿಕೊಳ್ಳದಂತೆ ದಾರದಿಂದ ಎರಡು ಸುತ್ತು ಕಟ್ಟಿ, ಗಂಟನ್ನು ಒಳಮಡಿಚಿ ಅಡಗಿಸಲಾಗಿತ್ತು. ಅವನು ಅದನ್ನು ಹೆಬ್ಬೆರಳಿನಿಂದ ಸವರಿದ. ಆಮೇಲೆ ಹುಲ್ಲಿನ ಮೇಲಿದ್ದ ಸೀಟಿನ ಮೇಲೇ ಹೋಗಿ ಕೂತುಬಿಟ್ಟ.

"ಇದು ನನ್ನ ಗಂಟು," ಎಂದ.

"ಏನು?"

"ನಾನು ಕಟ್ಟಿದ್ದು. ಹೀಗೆ ಕಟ್ಟೋನು ನಾನೊಬ್ಬನೇ." ಅವನು ತನ್ನ ಬೆರಳುಗಳನ್ನು ನೋಡಿಕೊಂಡ. "ನನಗೆ ಆಗ ಹದಿನೆಂಟು ವರ್ಷ. ಕೆಲಸಕ್ಕೆ ಸೇರಿದ ವರ್ಷ. ಆಗ ಕಾರು ಕದಿಯೋರ ಕಾಟ ಬಹಳ ಇತ್ತು. ಈ ಕಾರು ಆಗ ಇಟ್ಕೊಂಡಿದ್ದ ಡಾಕ್ಟರು ಬಂದು, ನಮ್ಮ ಶೆಡ್ಡಿನ ಯಜಮಾನರಿಗೆ ಹೇಳಿ, ಒಂದು ಕಳ್ಳ ಸ್ವಿಚ್ಚು ಹಾಕಿಸಿದ್ರು. ಕಳ್ಳ ಕೀಲಿ ಮುರಿದ್ರೂ ಗಾಡಿ ಹತ್ತಬಾರದು ಅಂತ. ತಂತಿ ಎಳೆದಿದ್ದು ನಾನೇ. ಯಾರಿಗೂ ಹೇಳಬೇಡ ಅಂದಿದ್ರು."

"ಯಾರಿಗೂ ಹೇಳಲಿಲ್ಲ ನೀನು."

"ನನಗೂ ಹೇಳ್ಕೊಳ್ಳಲಿಲ್ಲ."

ಕನ್ನಡಕದಮ್ಮ ನಗತೊಡಗಿದರು. ತಡೆಯಲು ನೋಡಿದರು, ಆಗಲಿಲ್ಲ. ಬಾನೆಟ್ಟಿಗೆ ಕೈಯೂರಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಕೂಸನ್ನ ಕಂಕುಳಲ್ಲಿ ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ," ಎಂದರು. "ಒಂದು ವಾರ ಹಲಗೆ ತುಂಬ ಬರೆದೆಯಲ್ಲೋ."

ಏಣಿ ನಗಲಿಲ್ಲ. "ಅಮ್ಮ, ನನಗೆ ಒಂದು ಚೂರೂ ನೆನಪಿರಲಿಲ್ಲ. ಈ ಕಾರು ನನ್ನ ಕೈಯಲ್ಲೇ ಇದೆ ಇಷ್ಟು ವರ್ಷದಿಂದ. ನಿಮ್ಮ ತಲೆ ಕೆಟ್ಟಿದೆ ಅಂತ ಎಲ್ಲರೂ ಅಂದ್ಕೊಳ್ತಿದ್ರೆ, ಕೆಟ್ಟಿರೋದು ನನ್ನದು."

ಈಗ ಅವರು ನಗು ನಿಲ್ಲಿಸಿದರು. ಆ ಹೆದರಿಕೆಯ ರುಚಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಂದು ಸೀಟಿನ ಇನ್ನೊಂದು ತುದಿಯಲ್ಲಿ ಕೂತರು. ಮೈದಾನದ ನಡುವೆ ಬಸ್ಸಿಗೆ ಕಾಯುವವರ ಹಾಗೆ ಇಬ್ಬರೂ ರಸ್ತೆಬದಿಯ ಹುಲ್ಲಿನಲ್ಲಿ ಕಾರಿನ ಸೀಟಿನ ಮೇಲೆ ಕೂತಿದ್ದರು.

"ನಲವತ್ತು ವರ್ಷದ ಹಿಂದಿನದು," ಎಂದರು. "ನಾನು ಆವಾಗ ಯಾರಿಗೆ ಯಾವ ಕನ್ನಡಕ ಮಾಡಿದ್ದೆ ಅಂತ ಕೇಳಿದ್ರೆ ಒಂದೂ ಹೇಳಲಾರೆ. ಆದ್ರೆ ನನ್ನ ಫ್ರೇಮು ಕೈಗೆ ಬಂದ್ರೆ, ಇದು ನಾನು ಕೂಡಿಸಿದ್ದು ಅಂತ ಹೇಳ್ತೀನಿ. ನೀನೂ ಗಂಟು ನೋಡಿದ ಕೂಡಲೇ ಹೇಳಿದೆ. ನಮ್ಮಕ್ಕ ತಾನೇ ಹೊಲಿದ ಬಟ್ಟೆ ತೋರಿಸಿದ್ರೂ ಯಾರದು ಅಂತಾಳೆ. ಅದು ಮರೆವು. ಇದಲ್ಲ."

ಏಣಿ ಬಹಳ ಹೊತ್ತು ಅದನ್ನು ಮನಸ್ಸಿನಲ್ಲಿ ತಿರುವಿ ಹಾಕಿದ. ಕೊನೆಗೆ ಉಸಿರು ಬಿಟ್ಟ. "ಹಾಗಂತೀರಾ?"

"ಹಾಗೇ. ಏಳು, ಬಿಸಿಲು ಏರ್ತಿದೆ."

ಸ್ವಿಚ್ಚನ್ನು ಕಿತ್ತು, ಎರಡು ತಂತಿಗಳನ್ನು ನೇರವಾಗಿ ಕೂಡಿಸಿ ಪಟ್ಟಿ ಸುತ್ತುವುದಕ್ಕೆ ಐದು ನಿಮಿಷ ಸಾಕಾಯಿತು. ಕೊಕ್ಕೆಯನ್ನು ಇಕ್ಕಳದಿಂದ ಮೇಲಕ್ಕೆ ಮಡಿಚಿ, ಸೀಟು ಕೂರಿಸಿದ. ಕನ್ನಡಕದಮ್ಮ ಅದನ್ನು ಪೂರ್ತಿ ಮುಂದಕ್ಕೆಳೆದುಕೊಂಡು ಸ್ಟಾರ್ಟರ್ ಎಳೆದರು. ಬರುವಾಗ ದಾರಿಯಲ್ಲಿದ್ದ ಒಂದು ಗುಂಡಿಯನ್ನೂ ಬಿಡಲಿಲ್ಲ. ಏಣಿಯ ತಲೆ ನಾಲ್ಕು ಸಲ ಮೇಲಿನ ತಗಡಿಗೆ ಬಡಿಯಿತು, ಅವನು ಪಿಟ್ಟೆನ್ನಲಿಲ್ಲ.

ಮಧ್ಯಾಹ್ನ ಮಗ ಕಚೇರಿಯಿಂದ ಬಂದಾಗ ಕಾರು ಮನೆಯ ಮುಂದೆ ನಿಂತಿತ್ತು. ಅವನ ಮುಖ ಗಂಟಿಕ್ಕಿತು. ಕನ್ನಡಕದಮ್ಮ ಏನೂ ಪೀಠಿಕೆ ಹಾಕದೆ, ಕರಿಯ ಸ್ವಿಚ್ಚನ್ನು ಅವನ ಕೈಯಲ್ಲಿಟ್ಟು, ಮೊದಲಿನಿಂದ ಕೊನೆಯವರೆಗೆ ಹೇಳಿದರು. ಮಾತು ತಪ್ಪಿ ಓಡಿಸಿದ್ದನ್ನೂ ಹೇಳಿದರು. ಅವನು ಕೇಳುತ್ತ ಕೇಳುತ್ತ ಸ್ವಿಚ್ಚನ್ನು ಆಚೆ ಈಚೆ ಅದುಮುತ್ತಿದ್ದ. ಟಕ್, ಟಕ್. ಆಮೇಲೆ ಏಣಿಗೆ ಫೋನ್ ಮಾಡಿ, ಅಮ್ಮನ ಕೈ ಚಕ್ರದ ಮೇಲಿದ್ದಿದ್ದನ್ನು ಅವನ ಬಾಯಿಂದಲೂ ಕೇಳಿಸಿಕೊಂಡ. ಫೋನ್ ಇಟ್ಟವನು ಹಿತ್ತಲಿನ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದ. ಬಹಳ ಹೊತ್ತು ತೊಳೆದ.

"ನಾನು ಮೊದಲೇ ಹೇಳಿದ್ದೆ ಇವರಿಗೆ," ಎಂದಳು ಸೊಸೆ, ಬಟ್ಟಲು ಜೋಡಿಸುತ್ತ. "ಮದುವೆಯಾದಾಗಿಂದ ನಾನು ಮಾಡಿದ ತಪ್ಪು ಒಂದನ್ನೂ ಅತ್ತೆ ಮರೆತಿಲ್ಲ. ಅವರಿಗೆಲ್ಲಿಯ ಮರೆವು ಅಂತ."

ಮಗ ಒದ್ದೆ ಮುಖದಲ್ಲೇ ನಕ್ಕುಬಿಟ್ಟ. ತಾಯಿಯ ಪಕ್ಕ ಕೂತು, "ಬಹಳ ಹೆದರಿದ್ದೆ ಅಮ್ಮ," ಎಂದ. "ದೊಡ್ಡಮ್ಮನ್ನ ನೋಡಿ ನೋಡಿ."

"ನಾನೂ."

"ಸೋಮವಾರದ್ದು ಬೇಡ ಅಂತ ಹೇಳಿಬಿಡ್ತೀನಿ."

ಕನ್ನಡಕದಮ್ಮ ಸ್ವಲ್ಪ ಯೋಚಿಸಿ, "ಬೇಡ, ಇರಲಿ," ಎಂದರು. "ಕಣ್ಣು ಸರಿಯಾಗಿರೋರೂ ನನ್ನ ಹತ್ರ ಬಂದು ಅಕ್ಷರ ಓದಿಹೋಗ್ತಾರಲ್ಲ. ನಾನೂ ಹೋಗಿ ಬರ್ತೀನಿ. ಆದ್ರೆ ಗಾಡಿ ನಾನೇ ಓಡಿಸ್ತೀನಿ."

ಸೋಮವಾರ ಡಾಕ್ಟರು ಅವರಿಗೆ ಇವತ್ತು ಯಾವ ವಾರ ಅಂತ ಕೇಳಿದರು. ನೂರರಿಂದ ಏಳೇಳು ಕಳೆಯುತ್ತ ಬರಲು ಹೇಳಿದರು. ಗಡಿಯಾರ ಬರೆಸಿದರು. ಐದು ಪದ ಹೇಳಿ, ಹತ್ತು ನಿಮಿಷದ ಮೇಲೆ ಮತ್ತೆ ಕೇಳಿದರು. ಕನ್ನಡಕದಮ್ಮ ನಾಲ್ಕನ್ನು ಹೇಳಿದರು. ಐದನೆಯದು ನಾಲಿಗೆಯ ತುದಿಗೆ ಬಂದು ವಾಪಸ್ಸು ಹೋಯಿತು.

"ನನಗೂ ಕೆಲವು ಸಲ ನಾಲ್ಕೇ ಬರೋದು," ಎಂದರು ಡಾಕ್ಟರು. "ನಿಮ್ಮ ವಯಸ್ಸಿಗೆ ಇದು ಚೆನ್ನಾಗಿದೆ. ಒಂದು ವರ್ಷ ಬಿಟ್ಟು ಬನ್ನಿ." ಚೀಟಿ ಬರೆಯಲು ಬಗ್ಗಿದಾಗ ಅವರ ಕನ್ನಡಕ ಮೂಗಿನಿಂದ ಜಾರಿತು. ಮಾತಾಡುವಷ್ಟು ಹೊತ್ತು ಅದು ಆರೇಳು ಸಲ ಜಾರಿದ್ದನ್ನು ಕನ್ನಡಕದಮ್ಮ ನೋಡಿದ್ದರು.

"ಕೊಡಿ ಇಲ್ಲಿ," ಎಂದು ಕೈಚೀಲದಿಂದ ಪುಟ್ಟ ತಿರುಪುಳಿ ತೆಗೆದು, ಎರಡೂ ಕಾಲುಗಳ ತಿರುಪನ್ನು ಬಿಗಿ ಮಾಡಿ, ತುದಿಗಳನ್ನು ಬೆರಳಿನಿಂದ ಸ್ವಲ್ಪ ಬಗ್ಗಿಸಿ ಹಿಂದಕ್ಕೆ ಕೊಟ್ಟರು. ಡಾಕ್ಟರು ಹಾಕಿಕೊಂಡು ತಲೆ ಬಗ್ಗಿಸಿ ನೋಡಿದರು. ಕನ್ನಡಕ ಕದಲಲಿಲ್ಲ.

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಮಗ ಎದ್ದು ನಿಂತ. "ಏನಂದ್ರು?"

"ಮುಂದಿನ ವರ್ಷ ಬಾ ಅಂದ್ರು."

"ಅಂದ್ರೆ?"

"ಅಂದ್ರೆ ಅಲ್ಲೀವರೆಗೂ ಬರೋದು ಬೇಡ ಅಂತ." ಅವರ ಕಾಲುಗಳು ಹೇಗೋ ಹಗುರಾಗಿದ್ದವು, ಮೆಟ್ಟಿಲುಗಳನ್ನು ಮಗನಿಗಿಂತ ಮೊದಲೇ ಇಳಿದರು. "ಬೇಗ ಬಾ. ಇವತ್ತು ಗುರುವಾರ ಅಲ್ಲ ಅಂತ ನನಗೂ ಗೊತ್ತು, ಆದ್ರೆ ಅಕ್ಕನಿಗೆ ಗೊತ್ತಿಲ್ಲವಲ್ಲ. ಹೋಗಿ ಕರ್ಕೊಂಡು ಒಂದು ಸುತ್ತು ಹಾಕಿಸೋಣ. ನೀನು ಹಿಂದೆ ಕೂತ್ಕೋ."